ದನ ಓಣಿಯಲ್ಲಿ ಯಾಕೆ ನಿಲ್ಲುತ್ತದೆ? ಲಸಿಕೆ, ಟ್ರೆವಿಸ್, ಲಾರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಕೊಟ್ಟಿಗೆಯಲ್ಲಿ ಹನ್ನೆರಡು ಸೀಮೆ ಹಸು, ನಾಲ್ಕು ಹಳ್ಳಿಕಾರ್, ಎರಡು ಎಮ್ಮೆ. ಕೆಲವು ವರ್ಷಗಳ ಹಿಂದೆ ಕೊಟ್ಟಿಗೆ ಪಕ್ಕದಲ್ಲಿ ಕಬ್ಬಿಣದ ಪೈಪಿನ ಒಂದು ಓಣಿ, ಅದರ ತುದಿಗೆ ಒಂದು ಟ್ರೆವಿಸ್ ಮಾಡಿಸಿದೆವು. ಆಗಿನಿಂದ ನೋಡಲು ಬಂದವರು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲೇ ಮೂರು ಪದ ಹೇಳಿಬಿಡುತ್ತೇನೆ. ದನಗಳನ್ನು ಒಟ್ಟಿಗೆ ಕೂಡುವ ಬೇಲಿ ಜಾಗಕ್ಕೆ ರೊಪ್ಪ ಅನ್ನುತ್ತೇನೆ. ಒಂದರ ಹಿಂದೆ ಒಂದು ಹೋಗುವ ಇಕ್ಕಟ್ಟಾದ ದಾರಿ ಓಣಿ. ತುದಿಯಲ್ಲಿ ದನವನ್ನು ಹಿಡಿದು ನಿಲ್ಲಿಸುವ ಚೌಕಟ್ಟು ಟ್ರೆವಿಸ್, ಪಶು ಆಸ್ಪತ್ರೆ ಅಂಗಳದಲ್ಲಿ ಇರುತ್ತದಲ್ಲ, ಅದೇ.

ನಮ್ಮಲ್ಲಿರುವುದು ನಾಲ್ಕೇ ಹಸು. ನಮಗೂ ಇದೆಲ್ಲ ಬೇಕಾ?

ಓಣಿ ಬೇಡ. ಅಷ್ಟು ದುಡ್ಡು ಹಾಕುವ ಅಗತ್ಯ ಇಲ್ಲ. ಆದರೆ ದನ ನಡೆಸುವ ರೀತಿ ಗೊತ್ತಿರಬೇಕು. ವರ್ಷದಲ್ಲಿ ಎಷ್ಟು ಸಲ ದನ ಹಿಡಿಯುತ್ತೀರಿ ಎಂದು ಒಮ್ಮೆ ಲೆಕ್ಕ ಹಾಕಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಕಂದು ರೋಗದ, ಅಂದರೆ ಗಬ್ಬ ಕಳೆಯುವ ಬ್ರುಸೆಲ್ಲೋಸಿಸ್‌ನ ಲಸಿಕೆ. ಹನ್ನೆರಡು ಅಂಕಿಯ ಹಳದಿ ಕಿವಿ ಓಲೆ. ಕೃತಕ ಗರ್ಭಧಾರಣೆ, ಗಬ್ಬ ಪರೀಕ್ಷೆ, ಗೊರಸು ಕತ್ತರಿಸುವುದು. ಪ್ರತಿ ಸಲವೂ ನಾಲ್ಕು ಜನ ಸೇರಿ ಕುಸ್ತಿ ಮಾಡಿದರೆ ಐದನೇ ಸಲಕ್ಕೆ ಹಸು ಹಗ್ಗ ಕಂಡರೇ ಹಿಂದೆ ಸರಿಯುತ್ತದೆ.

ನಾಲ್ಕೈದು ದನಕ್ಕೆ ಗಟ್ಟಿಯಾದ ಒಂದು ಟ್ರೆವಿಸ್ ಸಾಕು. ಅದೂ ಇಲ್ಲದಿದ್ದರೆ ಗೋಡೆ ಪಕ್ಕ ಎರಡು ಕಂಬ ನೆಟ್ಟು ಅಡ್ಡ ಕೋಲು ಹಾಕಿಕೊಳ್ಳಿ.

ಚೆನ್ನಾಗಿ ಬರುತ್ತಿದ್ದ ಹಸು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಹಠಾನಾ?

ಹಠ ಅಲ್ಲ. ಏನನ್ನೋ ನೋಡಿದೆ.

ನಮ್ಮ ಓಣಿ ಮುಗಿದ ಮೇಲೆ ಮೊದಲ ಲಸಿಕೆ ದಿನ. ಬೆಳಗ್ಗೆ ಎಂಟು ಗಂಟೆ. ಮೊದಲ ಹಸು ಮೂರನೇ ಕಂಬದ ಹತ್ತಿರ ಹೋಗಿ ನಿಂತಿತು. ತಲೆ ತಗ್ಗಿಸಿತು, ಮೂಗಿನಿಂದ ಬುಸ್ ಎಂದು ಉಸಿರು ಬಿಟ್ಟಿತು, ಎರಡು ಹೆಜ್ಜೆ ಹಿಂದೆ ಬಂತು. ತಮ್ಮ ಹಿಂದಿನಿಂದ ತಳ್ಳಿದ, ನಾನು ಮುಂದಿನಿಂದ ಎಳೆದೆ. ಹೇಗೋ ದಾಟಿತು. ಎರಡನೆಯದೂ ಅಲ್ಲೇ ನಿಂತಿತು, ಮೂರನೆಯದೂ ಅಲ್ಲೇ. ಡಾಕ್ಟರು ವಾಚು ನೋಡಿಕೊಳ್ಳುತ್ತಿದ್ದರು. ಆರು ಹಸುವಿಗೆ ಒಂದು ಗಂಟೆ ಹಿಡಿಯಿತು. ಅವರು ಪಕ್ಕದ ಮನೆ ಮುಗಿಸಿ ಹನ್ನೊಂದಕ್ಕೆ ವಾಪಸ್ ಬಂದರು. ಉಳಿದ ದನಗಳನ್ನು ಓಣಿಗೆ ಬಿಟ್ಟಾಗ ಅದೇ ಮೂರನೇ ಕಂಬ ದಾಟಿ ಸಲೀಸಾಗಿ ಹೋದವು. ಒಂದೂ ನಿಲ್ಲಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಮರುದಿನ ಬೆಳಗ್ಗೆ ಎಂಟಕ್ಕೆ ನಾನೇ ಓಣಿಯೊಳಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಪಕ್ಕದ ತೆಂಗಿನ ಮರದ ಗರಿಯ ನೆರಳು ಸರಿಯಾಗಿ ಮೂರನೇ ಕಂಬದ ಬುಡಕ್ಕೆ ಬಿದ್ದಿತ್ತು. ಬಾಚಣಿಗೆ ಹಲ್ಲಿನ ಹಾಗೆ ಕಪ್ಪು ಬಿಳಿ ಪಟ್ಟೆ, ಗಾಳಿ ಬಂದಾಗಲೆಲ್ಲ ನೆಲದ ಮೇಲೆ ಹರಿದಾಡುತ್ತಿತ್ತು. ಹನ್ನೊಂದರ ಹೊತ್ತಿಗೆ ಆ ನೆರಳು ಬೇಲಿಯಾಚೆ ಸರಿದಿರುತ್ತದೆ. ಇಷ್ಟೇ ವಿಷಯ. ಮೂವತ್ತು ವರ್ಷ ಆ ಮರದ ಕಾಯಿ ತಿಂದಿದ್ದೇನೆ, ನೆರಳನ್ನು ನೋಡಿರಲಿಲ್ಲ.

ಹಾಗಾಗಿ ದನ ಬಿಡುವ ಮೊದಲು ಓಣಿಯನ್ನು ಒಮ್ಮೆ ನೀವೇ ನಡೆದು ಬನ್ನಿ. ಬಗ್ಗಿ, ದನದ ಕಣ್ಣಿನ ಮಟ್ಟದಲ್ಲಿ ನೋಡಿ. ಬೇಲಿ ಮೇಲೆ ಯಾರೋ ಒಣಹಾಕಿದ ಟವೆಲ್, ಅಡ್ಡ ಬಿದ್ದ ಕಪ್ಪು ಪೈಪು, ನೇತಾಡುವ ಸರಪಳಿ, ಆಕಾಶ ಹೊಳೆಯುವ ನೀರಿನ ಗುಂಡಿ, ಮೋರಿ ಮೇಲಿನ ಕಬ್ಬಿಣದ ಜಾಲರಿ. ಮಣ್ಣಿನ ನೆಲ ಮುಗಿದು ಸಿಮೆಂಟ್ ಶುರುವಾಗುವ ಗೆರೆಯೂ ಅಷ್ಟೇ. ಒಮ್ಮೆ ತೆರೆದಿಟ್ಟ ಲಸಿಕೆ ಪೆಟ್ಟಿಗೆಯ ಮುಚ್ಚಳ ಬಿಸಿಲಿಗೆ ಹೊಳೆದದ್ದೇ ಕಾರಣವಾಗಿತ್ತು.

ಇದರಲ್ಲಿ ಒಂದು ಲೆಕ್ಕ ಇದೆ. ಬೇರೆ ಬೇರೆ ದನ ಒಂದೇ ಜಾಗದಲ್ಲಿ ನಿಂತರೆ ತಪ್ಪು ಜಾಗದ್ದು. ಒಂದೇ ದನ ಎಲ್ಲೆಂದರಲ್ಲಿ ನಿಂತರೆ ಅದಕ್ಕೆ ಹಿಂದೆ ಏನೋ ಆಗಿದೆ, ಅಥವಾ ಕಾಲು ನೋಯುತ್ತಿದೆ. ಇನ್ನೊಂದು ಗುರುತು ಕಿವಿ. ನಿಂತ ದನದ ಎರಡು ಕಿವಿಯೂ ಯಾವ ಕಡೆ ತಿರುಗಿವೆ ನೋಡಿ. ಕಳ್ಳ ಅಲ್ಲೇ ಇರುತ್ತಾನೆ.

ತೆಗೆಯಲಾಗದ ವಸ್ತುವಾದರೆ ಮುಂದಿನ ದನಕ್ಕೆ ಅರ್ಧ ನಿಮಿಷ ಬಿಡಿ. ಮೂಸಿ ನೋಡಲಿ. ತಲೆ ತಗ್ಗಿಸಿ ನೋಡಿದ ಮೇಲೆ ತಾನೇ ದಾಟುತ್ತದೆ. ಅದು ದಾಟಿದರೆ ಹಿಂದಿನವು ಅಷ್ಟು ಯೋಚಿಸುವುದಿಲ್ಲ. ಆ ಅರ್ಧ ನಿಮಿಷದಲ್ಲೇ ನಾವು ಕೋಲು ಎತ್ತುವುದು, ಅಲ್ವಾ?

ನೆರಳಿಗೆಲ್ಲ ಹೆದರುವಷ್ಟು ದನಕ್ಕೆ ಏನು ಕಾಣುತ್ತದೆ?

ದನದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಸುತ್ತ 300 ಡಿಗ್ರಿಗಿಂತ ಜಾಸ್ತಿ ಕಾಣುತ್ತದೆ. ಮುಖ್ಯವಾಗಿ ಕಾಣದಿರುವುದು ಬಾಲದ ನೇರ ಹಿಂದೆ. ಆದರೆ ಎರಡು ಕಣ್ಣೂ ಸೇರಿ ನೋಡುವ ಜಾಗ ಮುಂದೆ ಸ್ವಲ್ಪವೇ ಇದೆ. ಆಳ, ಎತ್ತರ ಅಳೆಯುವುದು ಅಲ್ಲಿ ಮಾತ್ರ. ಹಾಗಾಗಿ ನೆಲದ ಮೇಲಿನ ಕಪ್ಪು ಪಟ್ಟೆ ನೆರಳೋ ಗುಂಡಿಯೋ ಎಂದು ತಿಳಿಯಬೇಕಾದರೆ ದನ ನಿಲ್ಲಬೇಕು, ತಲೆ ತಗ್ಗಿಸಬೇಕು. ಬೆಳಕಿನಿಂದ ಕತ್ತಲಿಗೆ ಹೋದರೆ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಕತ್ತಲ ಕಡೆಗೆ ಕಾಲಿಡಲು ಹಿಂಜರಿಯುತ್ತದೆ, ಬೆಳಕಿನ ಕಡೆಗೆ ಸುಲಭವಾಗಿ ನಡೆಯುತ್ತದೆ. ಆದರೆ ಮುಖಕ್ಕೆ ನೇರ ಹೊಡೆಯುವ ಬಿಸಿಲೂ ಆಗುವುದಿಲ್ಲ. ಓಣಿಯನ್ನು ಪೂರ್ವಕ್ಕೆ ಮುಖ ಮಾಡಿ ಕಟ್ಟಿಸಿ ಬೆಳಗ್ಗೆ ಏಳಕ್ಕೆ ದನ ಬಿಟ್ಟರೆ ಅದು ನಿಮ್ಮ ತಪ್ಪು.

ಕೆಂಪು ಸೀರೆ ಕಂಡರೆ ಹಾಯುತ್ತದಾ?

ಬಣ್ಣಕ್ಕಲ್ಲ, ಹಾರಾಡುವ ಸೆರಗಿಗೆ. ನಮ್ಮ ಹಾಗೆ ಕೆಂಪು ಹಸಿರು ಬೇರೆ ಮಾಡಿ ನೋಡುವ ಕಣ್ಣು ದನಕ್ಕಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಸಾಕು.

ನಾನು ಎಲ್ಲಿ ನಿಂತರೆ ದನ ಮುಂದೆ ಹೋಗುತ್ತದೆ?

ಇದೊಂದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ನಾಟಿ ದನಕ್ಕೆ ದೇವರೇ ಗುರುತು ಹಾಕಿ ಕಳಿಸಿದ್ದಾನೆ: ಹಿಣಿಲು. ಹಿಣಿಲಿನಿಂದ ನೆಲಕ್ಕೆ ಒಂದು ಗೆರೆ ಎಳೆದ ಹಾಗೆ ಅಂದುಕೊಳ್ಳಿ. ಆ ಗೆರೆಯ ಹಿಂದೆ ನೀವು ಬಂದರೆ ದನ ಮುಂದೆ ಹೋಗುತ್ತದೆ. ಗೆರೆಯ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ. ಸೀಮೆ ಹಸುವಿಗೆ ಹಿಣಿಲು ಅಷ್ಟು ಕಾಣುವುದಿಲ್ಲ, ಅಲ್ಲಿ ಭುಜವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತದೆ ಹೇಳಲಾ? ಹಿಂದೆ ಒಬ್ಬ "ಹೋಯ್ ಹೋಯ್, ನಡೀ" ಎಂದು ಕೂಗುತ್ತಿರುತ್ತಾನೆ. ಮುಂದೆ ಒಬ್ಬರು ಹಗ್ಗ ಹಿಡಿದು, ಇನ್ನಿಬ್ಬರು ಟ್ರೆವಿಸ್ ಬಾಯಲ್ಲಿ ನಿಂತು ಇಣುಕುತ್ತಿರುತ್ತಾರೆ. ಹಿಂದಿನವನು ಹೋಗು ಅನ್ನುತ್ತಾನೆ, ಮುಂದಿನ ಮೂವರು ಬರಬೇಡ ಅನ್ನುತ್ತಾರೆ. ದನ ಯಾರ ಮಾತು ಕೇಳಬೇಕು? ಮೊದಲು ಮುಂದಿರುವವರನ್ನು ಪಕ್ಕಕ್ಕೆ ಕಳಿಸಿ. ಎಷ್ಟೋ ಸಲ ಅಷ್ಟಕ್ಕೇ ದನ ನಡೆಯುತ್ತದೆ.

ನೇರ ಬಾಲದ ಹಿಂದೆಯೂ ನಿಲ್ಲಬೇಡಿ. ಅಲ್ಲಿ ನೀವು ಕಾಣುವುದಿಲ್ಲ. ಕಾಣದವನ ಸದ್ದು ಕೇಳಿದರೆ ದನ ತಿರುಗಿ ನೋಡುತ್ತದೆ, ಇಲ್ಲವೇ ಒದೆಯುತ್ತದೆ. ಹಿಂಭಾಗಕ್ಕೆ ಸ್ವಲ್ಪ ಓರೆಯಾಗಿ, ಅದರ ಕಣ್ಣಂಚಿಗೆ ಬೀಳುವ ಹಾಗೆ ನಿಲ್ಲಿ.

ಓಣಿಯೊಳಗೆ ನಿಂತಿರುವ ದನಕ್ಕೆ ಒಂದು ಉಪಾಯ ಇದೆ. ಮೊದಲ ಸಲ ನೋಡಿದಾಗ ಜಾದೂ ಅನಿಸುತ್ತದೆ. ಬೇಲಿಯ ಹೊರಗಿನಿಂದ, ದನದ ತಲೆ ಕಡೆಯಿಂದ ಬಾಲದ ಕಡೆಗೆ ಚುರುಕಾಗಿ ನಡೆಯಿರಿ. ಅದು ಹೋಗಬೇಕಾದ ದಿಕ್ಕಿಗೆ ಉಲ್ಟಾ. ನೀವು ಭುಜದ ಗೆರೆ ದಾಟಿದ ಕೂಡಲೇ ಅದು ಮುಂದೆ ಹೆಜ್ಜೆ ಇಡುತ್ತದೆ. ಸಾಲಾಗಿ ನಾಲ್ಕು ದನ ಇದ್ದರೆ ನಾಲ್ಕನ್ನೂ ದಾಟಿ ನಡೆಯಿರಿ, ಒಂದೊಂದಾಗಿ ಮುಂದೆ ಸರಿಯುತ್ತವೆ. ಆಮೇಲೆ ಬೇಲಿಯಿಂದ ದೂರ ಸರಿದು, ಸುತ್ತು ಹಾಕಿ ಮುಂದಕ್ಕೆ ಬಂದು ಮತ್ತೆ ನಡೆಯಿರಿ. ದೂರ ಸರಿಯದೆ ಬೇಲಿ ಪಕ್ಕದಲ್ಲೇ ವಾಪಸ್ ಬಂದರೆ ಅವು ಹಿಂದಕ್ಕೆ ಹೋಗುತ್ತವೆ. ನಮ್ಮ ಮನೆಯಲ್ಲಿ ಇದನ್ನು ಬೇಗ ಕಲಿತವರು ನಾನಲ್ಲ, ಅತ್ತಿಗೆ. ಅವರು ಕೋಲೂ ಹಿಡಿಯುವುದಿಲ್ಲ.

ಎಷ್ಟು ಹತ್ತಿರ ಹೋಗಬೇಕು?

ಪ್ರತಿ ದನಕ್ಕೂ ಒಂದು ದೂರ ಇದೆ. ಅದಕ್ಕಿಂತ ಹತ್ತಿರ ಹೋದರೆ ಹೆಜ್ಜೆ ಕೀಳುತ್ತದೆ. ಓದಿದವರು ಫ್ಲೈಟ್ ಝೋನ್ ಅನ್ನುತ್ತಾರೆ, ನಾನು ಅಂಜುವ ಗೆರೆ ಅನ್ನುತ್ತೇನೆ. ಆ ಗೆರೆಯ ಅಂಚಿನಲ್ಲಿ ಕೆಲಸ ಮಾಡಬೇಕು. ಸ್ವಲ್ಪ ಒಳಗೆ ಹೋಗಿ, ದನ ನಡೆಯಿತಾ, ಒಂದು ಹೆಜ್ಜೆ ಹಿಂದೆ ಬನ್ನಿ. ನಡೆದರೆ ಒತ್ತಡ ಹೋಗುತ್ತದೆ ಎಂದು ಅದಕ್ಕೆ ಗೊತ್ತಾಗುವುದು ಹಾಗೆ. ನಡೆದ ಮೇಲೂ ಮೈಮೇಲೆ ಬೀಳುತ್ತಲೇ ಇದ್ದರೆ ಓಡುತ್ತದೆ. ಓಣಿಯಲ್ಲಿ ಓಡಲು ಜಾಗ ಇಲ್ಲದಿದ್ದರೆ ಹಾರುತ್ತದೆ, ಇಲ್ಲವೇ ನಿಮ್ಮ ಮೇಲೆ ತಿರುಗುತ್ತದೆ.

ಈ ದೂರ ದನದಿಂದ ದನಕ್ಕೆ ಬೇರೆ. ದಿನಾ ಮೈ ತೊಳೆಸಿಕೊಳ್ಳುವ ಸೀಮೆ ಹಸುವಿಗೆ ಅದು ಇಲ್ಲವೇ ಇಲ್ಲ. ನೀವು ತಳ್ಳಿದರೆ ನಿಮ್ಮ ಮೇಲೇ ಒರಗುತ್ತದೆ. ಅಂಥ ಹಸುವನ್ನು ಹಿಂದಿನಿಂದ ನಡೆಸಲು ಹೋಗಬೇಡಿ, ಮುಂದೆ ಬೂಸದ ಬಕೆಟ್ ಹಿಡಿದು ನಡೆಯಿರಿ. ಕಾವಲಿನಲ್ಲಿ, ಅಂದರೆ ಬಯಲು ಹುಲ್ಲುಗಾವಲಿನಲ್ಲಿ ಬೆಳೆದ ಅಮೃತ್ ಮಹಲ್ ಇನ್ನೊಂದು ತುದಿ. ಅಜ್ಜಂಪುರದ ಕಡೆ ಆ ದನ ನೋಡಿದವರಿಗೆ ಗೊತ್ತು, ನೀವು ದೂರದಲ್ಲಿ ಬೇಲಿ ಹತ್ತುವಾಗಲೇ ಇಡೀ ಮಂದೆ ತಲೆ ಎತ್ತಿರುತ್ತದೆ. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದ ತಳಿ ಅದು. ವೇಗ, ಸಿಟ್ಟು ಎರಡೂ ರಕ್ತದಲ್ಲಿದೆ. ಹಳ್ಳಿಕಾರ್ ಇವೆರಡರ ನಡುವೆ. ಯಾರು ಸಾಕಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಕೂಗದೆ, ಹೊಡೆಯದೆ ನಮ್ಮ ದನ ನಡೆಯುವುದೇ ಇಲ್ಲವಲ್ಲ!

ಕೂಗಿ ಹೊಡೆದು ಅಭ್ಯಾಸ ಮಾಡಿಸಿದ್ದೀರಿ, ಅದಕ್ಕೆ. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ತನಕ ಕೇಳಿದರೆ ದನಕ್ಕೆ ಸುಮಾರು 35ರ ತನಕ ಕೇಳುತ್ತದೆ. ಗೇಟು ದಢಾರ್ ಎಂದು ಬಡಿಯುವ ಸದ್ದು, ಸಿಳ್ಳೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕೀರಲು, ಇವು ಅದಕ್ಕೆ ಚುಚ್ಚಿದ ಹಾಗೆ. ಗೇಟು ಬಡಿಯುವ ಜಾಗಕ್ಕೆ ಹಳೇ ಟ್ಯೂಬು ಕತ್ತರಿಸಿ ಸುತ್ತಿ. ಮೂರು ಕಾಸಿನ ಖರ್ಚಿಲ್ಲ.

ಬಾಯಿ ಮುಚ್ಚಿಕೊಂಡೇ ಇರಬೇಕೆಂದಲ್ಲ. ಮೆಲ್ಲಗೆ ಮಾತಾಡಿಸುವುದು, ಲೊಚಗುಟ್ಟುವುದು ಒಳ್ಳೆಯದೇ. ನೀವು ಎಲ್ಲಿದ್ದೀರಿ ಎಂದು ಅದಕ್ಕೆ ತಿಳಿಯುತ್ತದೆ.

ಕೋಲು ಹಿಡಿಯಿರಿ, ಆದರೆ ಕೈ ಉದ್ದ ಮಾಡಿಕೊಳ್ಳಲು ಮಾತ್ರ. ತುದಿಗೆ ಪ್ಲಾಸ್ಟಿಕ್ ಚೀಲದ ತುಂಡು ಕಟ್ಟಿದರೆ ಮುಟ್ಟುವ ಅಗತ್ಯವೂ ಬರುವುದಿಲ್ಲ, ಆಡಿಸಿದರೆ ಸಾಕು. ಬಾಲ ತಿರುಚುವುದನ್ನು ಇವತ್ತಿಗೇ ಬಿಡಿ. ಬಾಲದ ಒಳಗೂ ಮೂಳೆ ಇದೆ, ಮುರಿಯುತ್ತದೆ. ಸುಮ್ಮಸುಮ್ಮನೆ ಹೊಡೆದು ನೋಯಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಒಂದು ವೇಳೆ ದನ ಬೆದರಿಬಿಟ್ಟರೆ? ಬಿಟ್ಟುಬಿಡಿ. ರೊಪ್ಪಕ್ಕೆ ವಾಪಸ್ ಕಳಿಸಿ, ನೀವು ಕಾಫಿ ಕುಡಿದು ಬನ್ನಿ. ಬೆದರಿದ ದನದ ಎದೆ ಬಡಿತ ಮಾಮೂಲಿಗೆ ಬರಲು 20ರಿಂದ 30 ನಿಮಿಷ ಬೇಕು. ಆ ಅರ್ಧ ಗಂಟೆ ಉಳಿಸಲು ಹೋಗಿ ನಾನು ಒಮ್ಮೆ ಇಡೀ ಬೆಳಗ್ಗೆ ಕಳೆದುಕೊಂಡಿದ್ದೇನೆ.

ಮೂಗುದಾರ ಹಿಡಿದು ಎಳೆದರೆ ಬೇಗ ಆಗುತ್ತಲ್ಲ?

ಒಂದು ಸಲ ಆಗುತ್ತದೆ. ಮೂಗು ಬಹಳ ಸೂಕ್ಷ್ಮ ಜಾಗ, ನೋವಿಗೆ ದನ ಬರುತ್ತದೆ. ಮುಂದಿನ ಸಲ ಓಣಿ ಕಂಡರೆ ಆ ನೋವೇ ನೆನಪಾಗುತ್ತದೆ. ಉಳುಮೆಯ ಎತ್ತಿಗೆ, ಗಾಡಿ ಎತ್ತಿಗೆ ಮೂಗುದಾರ ಇರಲಿ, ಅದು ಸನ್ನೆ ಮಾಡಲು. ಇಡೀ ದನದ ತೂಕ ಎಳೆಯಲು ಅಲ್ಲ. ಓಣಿಗೆ ಬರುವಾಗ ಕೊರಳ ಹಗ್ಗ ಸಾಕು. ಅದನ್ನೂ ಓಣಿಯೊಳಗೆ ನೆಲಕ್ಕೆ ಎಳೆದಾಡುವ ಹಾಗೆ ಬಿಡಬೇಡಿ, ಹಿಂದಿನ ದನ ಮೆಟ್ಟುತ್ತದೆ.

ಓಣಿಯ ಅಳತೆ ಎಷ್ಟಿರಬೇಕು?

ದನ ತಿರುಗಿಕೊಳ್ಳಲು ಆಗಬಾರದು, ಪಕ್ಕೆ ಉಜ್ಜಲೂಬಾರದು. ದೊಡ್ಡ ಹಸುವಿಗೆ ಅಗಲ 26ರಿಂದ 30 ಇಂಚು, ಎತ್ತರ ಸುಮಾರು ಐದು ಅಡಿ. ಉದ್ದ ಕನಿಷ್ಠ ಮೂರ್ನಾಲ್ಕು ದನ ಸಾಲಾಗಿ ನಿಲ್ಲುವಷ್ಟು, ಅಂದರೆ 20 ಅಡಿ ಆಚೀಚೆ. ಒಂದೇ ದನ ಹಿಡಿಯುವ ಓಣಿ ಮಾಡಿಸಿದರೆ ಹಿಂಬಾಲಿಸಿ ಹೋಗಲು ಮುಂದೆ ಇನ್ನೊಂದು ದನ ಇರುವುದಿಲ್ಲ, ಓಣಿಯ ಲಾಭವೇ ಹೋಯಿತು. ಕರು, ಮಲೆನಾಡು ಗಿಡ್ಡ ಇರುವವರು ಈ ಅಗಲ ಇಟ್ಟರೆ ಅವು ಒಳಗೇ ತಿರುಗಿ ನಿಮ್ಮ ಮುಖ ನೋಡುತ್ತವೆ. ಪಕ್ಕದಿಂದ ಒಂದು ಹಲಗೆ ಸೇರಿಸಿ ಕಿರಿದು ಮಾಡಿಕೊಳ್ಳಿ.

ಕೊಂಬಿನ ಲೆಕ್ಕ ಮರೆಯಬೇಡಿ. ಹಳ್ಳಿಕಾರ್, ಅಮೃತ್ ಮಹಲ್ ಕೊಂಬು ಹಿಂದಕ್ಕೆ, ಮೇಲಕ್ಕೆ ಹೋಗುತ್ತವೆ. ಅಗಲ ತೊಂದರೆ ಇಲ್ಲ, ಆದರೆ ಮೇಲೆ ಅಡ್ಡ ಪೈಪು ಇದ್ದರೆ ಸಿಕ್ಕಿಕೊಳ್ಳುತ್ತದೆ. ನಮ್ಮ ವೆಲ್ಡಿಂಗ್ ಮಾಡಿದವರು ಬಲಕ್ಕೆ ಇರಲಿ ಎಂದು ಮೇಲೆ ಎರಡು ಅಡ್ಡ ಪೈಪು ಹಾಕಿಕೊಟ್ಟಿದ್ದರು. ಒಂದು ವಾರಕ್ಕೇ ಕೊಯ್ಸಿ ತೆಗೆಸಿದೆ.

ಬೇಲಿ ಮುಚ್ಚಿರಬೇಕಾ, ಸಂದಿ ಇರಬೇಕಾ?

ಪಕ್ಕದಲ್ಲಿ ಜನ ಓಡಾಡುವ ಜಾಗವಾದರೆ ಮುಚ್ಚಿ. ಹೊರಗಿನದು ಕಾಣದಿದ್ದರೆ ದನ ಮುಂದೆ ಮಾತ್ರ ನೋಡುತ್ತದೆ. ತಗಡು, ಹಲಗೆ ಏನಾದರೂ ಆದೀತು. ನಾನು ದುಡ್ಡು ಉಳಿಸಲು ಚುನಾವಣೆ ಮುಗಿದ ಮೇಲಿನ ಹಳೇ ಫ್ಲೆಕ್ಸ್ ತಂದು ಕಟ್ಟಿದೆ. ಕೈ ಮುಗಿದು ನಗುವ ಮುಖ ಹೊರಗೆ, ಬಿಳಿ ಬೆನ್ನು ಒಳಗೆ. ಎರಡು ದಿನಕ್ಕೆ ಒಂದು ಮೂಲೆ ಬಿಚ್ಚಿ ಪಟಪಟ ಹೊಡೆದುಕೊಳ್ಳಲು ಶುರುವಾಯಿತು. ಒಂದು ದನವೂ ಒಳಗೆ ಬರಲಿಲ್ಲ. ಕಟ್ಟಿದರೆ ಬಿಗಿಯಾಗಿ ಕಟ್ಟಿ, ಇಲ್ಲವೇ ಬೇಡ. ಮುಂದಿನ ಗೇಟಿಗೆ ಮಾತ್ರ ಸಂದಿ ಇರಲಿ. ಮುಂದೆ ಹೋದ ದನ ಹಿಂದಿನದಕ್ಕೆ ಕಾಣಬೇಕು.

ಓಣಿ ನೇರ ಇರಬೇಕಾ, ಬಾಗಿರಬೇಕಾ?

ಜಾಗ ಇದ್ದರೆ ಸ್ವಲ್ಪ ಬಾಗಿರಲಿ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರು ಈ ವಿಷಯದಲ್ಲಿ ದೊಡ್ಡದು. 1947ರಲ್ಲಿ ಹುಟ್ಟಿದವರು, ಆಟಿಸಂ ಇರುವವರು, ಕೊಲರಾಡೊದಲ್ಲಿ ಪ್ರೊಫೆಸರ್. ದನ ಹೋಗುವ ಓಣಿಯೊಳಗೆ ತಾವೇ ಇಳಿದು, ದನದ ಕಣ್ಣಿನ ಮಟ್ಟದಲ್ಲಿ ನೋಡಿ ನೋಡಿ ದೊಡ್ಡ ದೊಡ್ಡ ಫಾರಂಗಳ ಓಣಿಗಳನ್ನೇ ಬದಲಾಯಿಸಿದರು. ನಾನು ತೆಂಗಿನ ಗರಿಯ ನೆರಳು ಹುಡುಕಿದ್ದನ್ನು ಅವರು ಅರ್ಧ ಶತಮಾನದ ಹಿಂದೆಯೇ ಮಾಡಿ ಮುಗಿಸಿದ್ದರು ಎಂದು ಆಮೇಲೆ ಗೊತ್ತಾಯಿತು.

ಬಾಗಿದ ಓಣಿ ಕೆಲಸ ಮಾಡಲು ಕಾರಣ ಎರಡು. ತುದಿಯಲ್ಲಿ ನಿಂತ ಜನ, ಟ್ರೆವಿಸ್ ಮೊದಲೇ ಕಾಣುವುದಿಲ್ಲ. ಜೊತೆಗೆ, ದನಕ್ಕೆ ಬಂದ ಕಡೆಗೇ ವಾಪಸ್ ಹೋಗುವ ಆಸೆ. ಬಾಗಿದ ದಾರಿಯಲ್ಲಿ ತಾನು ಕೊಟ್ಟಿಗೆಗೇ ತಿರುಗುತ್ತಿದ್ದೇನೆ ಅಂದುಕೊಳ್ಳುತ್ತದೆ. ಆದರೆ ಬಾಯಲ್ಲೇ ಬಾಗಿಸಿಬಿಟ್ಟರೆ ಎದುರಿಗೆ ಗೋಡೆ ಕಂಡ ಹಾಗಾಗುತ್ತದೆ. ಒಳಗೆ ಕಾಲಿಡುವಾಗ ಎರಡು ಮೂರು ದನದುದ್ದ ದಾರಿ ಕಾಣಲೇಬೇಕು.

ಹದಿನೈದು ಇಪ್ಪತ್ತು ದನಕ್ಕೆ ನೇರ ಓಣಿಯೂ ಸಾಕು. ನಮ್ಮದು ನೇರವೇ.

ನೆಲ?

ಜಾರಬಾರದು. ಎಲ್ಲಕ್ಕಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಒಮ್ಮೆ ಕಾಲು ಜಾರಿದ ದನ ಆಮೇಲೆ ಪ್ರತಿ ಹೆಜ್ಜೆಗೂ ನಡುಗುತ್ತದೆ. ಮೇಸ್ತ್ರಿ ಕರಣೆ ಹಿಡಿದು ನುಣ್ಣಗೆ ಮಾಡಲು ಬಂದರೆ ತಡೆಯಿರಿ. ಸಿಮೆಂಟ್ ಹಸಿ ಇರುವಾಗಲೇ ಎಂಟು ಇಂಚಿಗೊಂದು ಓರೆ ಗೆರೆ, ಅಡ್ಡ ಗೆರೆ ಎಳೆಸಿ, ಒಂದು ಇಂಚು ಆಳಕ್ಕೆ. ಈಗಾಗಲೇ ನುಣ್ಣಗಿದ್ದರೆ ಮಣ್ಣು, ಮರದ ಹೊಟ್ಟು ಚೆಲ್ಲಿ.

ರೊಪ್ಪಕ್ಕೆ ಎಷ್ಟು ದನ ತುಂಬಬಹುದು?

ಅರ್ಧ. ಹೆಚ್ಚೆಂದರೆ ಮುಕ್ಕಾಲು. ತಿರುಗಲು ಜಾಗ ಇಲ್ಲದಿದ್ದರೆ ಓಣಿಯ ಬಾಯಿ ಕಡೆಗೆ ಮುಖ ಮಾಡಲೂ ಆಗುವುದಿಲ್ಲ. ಓಣಿಯಲ್ಲಿ ಜಾಗ ಖಾಲಿ ಆದ ಮೇಲಷ್ಟೇ ರೊಪ್ಪಕ್ಕೆ ದನ ತನ್ನಿ. ಮೊದಲೇ ತಂದು ಕೂಡಿದರೆ ಅವು ಸುತ್ತು ಹೊಡೆದು ಬಾಯಿಗೆ ಬೆನ್ನು ಹಾಕಿ ನಿಲ್ಲುತ್ತವೆ.

ಎಲ್ಲ ಹೋಗಿ ಒಂದೇ ಹಸು ಹಿಂದೆ ಉಳಿದರೆ?

ಅದರ ಹತ್ತಿರ ಒಬ್ಬರೇ ಹೋಗಬೇಡಿ. ಒಂಟಿಯಾದ ದನಕ್ಕೆ ಜೀವ ಬಾಯಿಗೆ ಬಂದಿರುತ್ತದೆ. ಬೇಲಿ ಹಾರುವುದು, ಮನುಷ್ಯರನ್ನು ಗೋಡೆಗೆ ಒತ್ತುವುದು ಇಂಥ ಹೊತ್ತಲ್ಲೇ. ಮುಗಿಸಿ ಬಂದ ಒಂದು ಸಾಧು ಹಸುವನ್ನು ವಾಪಸ್ ಕರೆತಂದು ಜೊತೆಗೆ ಬಿಡಿ. ಎರಡೂ ಒಟ್ಟಿಗೆ ಬರುತ್ತವೆ.

ಟ್ರೆವಿಸ್ ಒಳಗೆ ಬಂದ ಮೇಲೆ ಏನು ನೋಡಿಕೊಳ್ಳಬೇಕು?

ಗಂಟು. ಕೊರಳಿಗೆ ಜೀರುಗುಣಿಕೆ ಹಾಕಿ ಟ್ರೆವಿಸ್‌ಗೆ ಕಟ್ಟಬೇಡಿ. ದನ ಮೊಣಕಾಲೂರಿ ಕುಸಿದರೆ ಆ ಗಂಟು ಬಿಗಿಯುತ್ತಲೇ ಹೋಗುತ್ತದೆ. ನಿಮ್ಮ ಎದುರೇ ಉಸಿರು ಕಟ್ಟುತ್ತದೆ. ಕೊರಳಿಗೆ ಬಿಗಿಯದ ಕುಣಿಕೆ, ಕಂಬಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಸೊಂಟದಲ್ಲಿ ಒಂದು ಕುಡುಗೋಲು ಇರಲಿ, ಬಿಚ್ಚಲಾಗದಿದ್ದರೆ ಹಗ್ಗ ಕೊಯ್ಯಲು.

ಹಿಂಬದಿಗೆ ಅಡ್ಡ ಕೋಲು ಹಾಕಿದ ಮೇಲೇ ಡಾಕ್ಟರು ಹಿಂದೆ ಹೋಗಬೇಕು. ಪಕ್ಕದ ಪಟ್ಟಿ ಒತ್ತುವ ಟ್ರೆವಿಸ್ ಆದರೆ ನಿಧಾನಕ್ಕೆ, ಒಂದೇ ಸಮನಾಗಿ ಒತ್ತಿ. ಹದವಾಗಿ ಒತ್ತಿ ಹಿಡಿದರೆ ದನ ಸುಮ್ಮನಾಗುತ್ತದೆ, ಪಟ್ಟನೆ ಬಡಿದರೆ ಒದ್ದಾಡುತ್ತದೆ. ಬಿಡುವಾಗಲೂ ಆತುರ ಬೇಡ. ಹಾರಿ ಹೋಗುವ ಅಭ್ಯಾಸ ಆದರೆ ಮುಂದಿನ ಸಲ ಒಳಗೆ ಬರುವಾಗಲೇ ಹಾರುತ್ತದೆ. ಹೊರಗೆ ಒಂದು ಹಿಡಿ ಹಿಂಡಿ ಇಟ್ಟಿರಿ.

ಎಮ್ಮೆಗೂ ಇದೇ ನಡೆಯುತ್ತದಾ?

ಹೆಚ್ಚು ಕಡಿಮೆ. ಎಮ್ಮೆ ಬೆದರುವುದು ಕಡಿಮೆ, ಆದರೆ ಅವಸರವೂ ಇಲ್ಲ. ಮೊದಲ ಎಮ್ಮೆ ಹೋದರೆ ಉಳಿದವು ಹೋಗುತ್ತವೆ, ಆ ಮೊದಲನೆಯದನ್ನು ಒಪ್ಪಿಸುವುದೇ ಕೆಲಸ. ಕಪ್ಪು ಚರ್ಮ, ಬಿಸಿಲು ತಡೆಯುವುದಿಲ್ಲ. ಹತ್ತು ಗಂಟೆಯೊಳಗೆ ಮುಗಿಸಿ. ಮುರ್ರಾ ತಳಿಯ ಎಮ್ಮೆಯ ಕೊಂಬು ಸುರುಳಿ ಸುತ್ತಿರುತ್ತದೆ, ಚಿಂತೆ ಇಲ್ಲ. ಗಡಿ ಜಿಲ್ಲೆಗಳ ಪಂಢರಪುರಿ ಎಮ್ಮೆಯ ಕೊಂಬು ಭುಜ ದಾಟಿ ಹೋಗಿರುತ್ತದೆ. ಅದನ್ನು ಇಕ್ಕಟ್ಟಾದ ಟ್ರೆವಿಸ್‌ಗೆ ತರುವ ಯೋಚನೆ ಬಿಡಿ.

ಹೋರಿ?

ಸಾಧು ಅಂದುಕೊಂಡ ಹೋರಿಯೇ ಅಪಾಯ. ಅದರ ಜೊತೆ ಓಣಿಯೊಳಗೆ ಮನುಷ್ಯ ಇರಬಾರದು, ಅಷ್ಟೇ. ತಲೆ ತಗ್ಗಿಸಿ, ಮೈಯನ್ನು ನಿಮಗೆ ಅಡ್ಡ ತೋರಿಸಿ ನಿಂತಿತು ಅಂದರೆ ಅದು ಎಚ್ಚರಿಕೆ. ಬೆನ್ನು ತೋರಿಸಿ ಓಡದೆ ಮೆಲ್ಲಗೆ ಹಿಂದೆ ಸರಿಯಿರಿ. ಹೊಸದಾಗಿ ಕರು ಹಾಕಿದ ಹಸುವೂ ಹಾಗೆಯೇ. ಕರುವನ್ನು ಅದರ ಕಣ್ಣೆದುರಿಗೇ ಮುಂದೆ ಕರೆದುಕೊಂಡು ಹೋಗಿ, ತಾನಾಗಿ ಬರುತ್ತದೆ.

ನಾಯಿ ಬಿಟ್ಟರೆ ಓಡಿಸುತ್ತದಲ್ಲ?

ನಾಯಿಯನ್ನು ಕಟ್ಟಿಹಾಕಿ.

ಕಡಸುಗಳಿಗೆ ಮೊದಲೇ ಅಭ್ಯಾಸ ಮಾಡಿಸಬಹುದಾ?

ಮಾಡಿಸಲೇಬೇಕು. ಮೊದಲ ಅನುಭವ ದನದ ತಲೆಯಲ್ಲಿ ಬಹಳ ಕಾಲ ಕೂರುತ್ತದೆ. ಓಣಿಯನ್ನು ಮೊದಲ ಸಲ ನೋಡಿದ್ದೇ ಸೂಜಿ, ಕಿವಿ ಓಲೆಯ ನೋವಿಗಾದರೆ ಕೆಲಸ ಕೆಟ್ಟಿತು. ನಾವು ಲಸಿಕೆಗೆ ಒಂದು ವಾರ ಮೊದಲು ದಿನಾ ಸಂಜೆ ಗೇಟೆಲ್ಲ ತೆರೆದಿಟ್ಟು, ಕಡಸುಗಳನ್ನು ಓಣಿಯ ಮೂಲಕವೇ ಮೇವಿನ ಜಾಗಕ್ಕೆ ಬಿಡುತ್ತೇವೆ. ಯಾರೂ ಹಿಡಿಯುವುದಿಲ್ಲ, ಯಾರೂ ಮುಟ್ಟುವುದಿಲ್ಲ. ನಾಲ್ಕನೇ ದಿನಕ್ಕೆ ನಾನು ಗೇಟು ತೆಗೆಯುವುದನ್ನೇ ಕಾಯುತ್ತಿರುತ್ತವೆ.

ಲಸಿಕೆ ಹಾಕಿದ ದಿನ ಹಾಲು ಇಳಿಯುತ್ತದೆ. ಲಸಿಕೆಯಿಂದಾ?

ಲಸಿಕೆಗೆ ಒಂದೆರಡು ದಿನ ಸ್ವಲ್ಪ ಜ್ವರ ಬಂದು ಹಾಲು ತಗ್ಗಬಹುದು, ಅದು ಸರಿಹೋಗುತ್ತದೆ. ಅದಕ್ಕೆ ಹೆದರಿ ಲಸಿಕೆ ತಪ್ಪಿಸಬೇಡಿ. ಆದರೆ ದನವನ್ನು ಓಡಾಡಿಸಿ ಬೆದರಿಸಿದ್ದರೂ ಹಾಲು ಇಳಿಯುತ್ತದೆ. ಬೆದರಿದ ಹಸು ಸೊರೆ ಬಿಡುವುದಿಲ್ಲ, ಕೆಚ್ಚಲಲ್ಲಿ ಹಾಲಿದ್ದರೂ ಕೊಡುವುದಿಲ್ಲ. ಅಮ್ಮ ಇದನ್ನು "ಕಳ್ಳಹಾಲು ಇಟ್ಟುಕೊಂಡಿದೆ" ಅನ್ನುತ್ತಿದ್ದರು. ಡೇರಿಯ ಚೀಟಿಯಲ್ಲಿ ಸಂಜೆಯ ಲೀಟರ್ ನೋಡಿದರೆ ಬೆಳಗ್ಗೆ ದನ ಹೇಗೆ ಹಿಡಿದಿರಿ ಎಂದು ನಾನು ಹೇಳಬಲ್ಲೆ.

ಲಾರಿಗೆ ಹತ್ತಿಸುವಾಗ ಮಾತ್ರ ಏನು ಮಾಡಿದರೂ ಆಗುವುದಿಲ್ಲ. ಉಪಾಯ ಇದೆಯಾ?

ಘಾಟಿ ಸುಬ್ರಹ್ಮಣ್ಯ ಜಾತ್ರೆಗೋ ಸಿದ್ಧಗಂಗೆ ಜಾತ್ರೆಗೋ ಎತ್ತು ಒಯ್ಯುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲು ಇಳಿಜಾರು ನೋಡಿ. 20 ಡಿಗ್ರಿಗಿಂತ ಕಡಿದಾಗಿರಬಾರದು. ಒಂದು ಅಡಿ ಎತ್ತರಕ್ಕೆ ಮೂರು ಅಡಿ ಉದ್ದ ಎಂದು ಲೆಕ್ಕ ಇಟ್ಟುಕೊಂಡರೆ ಸರಿ. ಲಾರಿಯ ಹಲಗೆ ನಾಲ್ಕು ಅಡಿ ಮೇಲಿದ್ದರೆ 12 ಅಡಿ ಉದ್ದದ ಏರು ಬೇಕು. ನಾವು ಎರಡು ಹಲಗೆ ಒರಗಿಸಿ ಹತ್ತು ಅಂದರೆ ಹೇಗೆ ಹತ್ತೀತು? ಶಾಶ್ವತವಾಗಿ ಕಟ್ಟಿಸುವುದಾದರೆ ಮೆಟ್ಟಿಲು ಒಳ್ಳೆಯದು, ನಾಲ್ಕು ಇಂಚು ಎತ್ತರ, 12 ಇಂಚು ಅಗಲ. ಅದೂ ಇಲ್ಲದಿದ್ದರೆ ಕೆರೆ ಏರಿಯ ಪಕ್ಕ, ರಸ್ತೆ ದಿಬ್ಬದ ಪಕ್ಕ ಲಾರಿಯ ಬೆನ್ನು ತಾಗಿಸಿ ನಿಲ್ಲಿಸಿ. ದನ ಸಮನೆಲದಲ್ಲಿ ನಡೆದು ಹೋಗುತ್ತದೆ. ಹಲಗೆಗೂ ದಿಬ್ಬಕ್ಕೂ ನಡುವೆ ಸಂದಿ ಉಳಿಯದಿರಲಿ, ಆ ಕಪ್ಪು ಗೆರೆಗೆ ನಿಲ್ಲುತ್ತವೆ.

ಕಾನೂನೂ ತಿಳಿದಿರಲಿ. 1978ರ ಪ್ರಾಣಿ ಸಾಗಾಟ ನಿಯಮದ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಜಾಸ್ತಿ ದನ ಒಯ್ಯುವಂತಿಲ್ಲ. ಜೊತೆಗೆ ಬೇರೆ ಸಾಮಾನು ತುಂಬುವಂತಿಲ್ಲ, ದನ ನೋಡಿಕೊಳ್ಳಲು ಒಬ್ಬ ಆಳು ಇರಬೇಕು, ಆದಷ್ಟೂ ಇಂಜಿನ್ ಕಡೆ ಮುಖ ಮಾಡಿ ನಿಲ್ಲಿಸಬೇಕು. ಪ್ರಯಾಣಕ್ಕೆ ತಕ್ಕ ಆರೋಗ್ಯ ಇದೆ ಎಂದು ಪಶು ವೈದ್ಯರ ಪತ್ರ ಬೇಕು. ಮೋಟಾರು ವಾಹನ ನಿಯಮದಲ್ಲಿ ಒಂದು ಹಸು ಅಥವಾ ಎಮ್ಮೆಗೆ ಎರಡು ಚದರ ಮೀಟರ್ ಜಾಗ ಅಂತಿದೆ. ನೆಲಕ್ಕೆ ಜಾರದ ಹಾಸು ಬೇಕು. ಆ 1978ರ ನಿಯಮದಲ್ಲೇ ತೆಂಗಿನ ನಾರಿನ ಚಾಪೆಯ ಹೆಸರಿದೆ. ತಿಪಟೂರಿನವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಮೊದಲು ಹತ್ತುವ ಎತ್ತು ಯಾವುದು ಎಂದು ಹಿಂದಿನ ದಿನವೇ ಯೋಚಿಸಿಟ್ಟುಕೊಳ್ಳಿ. ಲಾರಿ ಕಂಡು ಅಭ್ಯಾಸ ಇರುವುದು ಒಂದಾದರೂ ಇರುತ್ತದೆ.

ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಕತ್ತಲಲ್ಲಿ ಹತ್ತುತ್ತವಾ?

ಲಾರಿಯೊಳಗೆ ಒಂದು ಬಲ್ಬು ಹಾಕಿ, ಹೊರಗಿನದನ್ನು ಆರಿಸಿ. ಬೆಳಕು ಒಳಗಿನ ನೆಲದ ಮೇಲೆ ಬೀಳಲಿ, ದನದ ಕಣ್ಣಿಗೆ ನೇರ ಬೀಳಬಾರದು. ಮೊಬೈಲ್ ಟಾರ್ಚ್ ಹಿಡಿದು ಮುಂದೆ ನಿಂತು ದಾರಿ ತೋರಿಸುವ ಉತ್ಸಾಹಿ ಒಬ್ಬ ಪ್ರತಿ ಊರಲ್ಲೂ ಇರುತ್ತಾನೆ. ಅವನಿಗೆ ಏನಾದರೂ ಬೇರೆ ಕೆಲಸ ಹೇಳಿ ಕಳಿಸಿ.